ಮಂಗಳೂರು - ದುಬೈ: ದೂರ ಎಷ್ಟು, ಹೊತ್ತು ಎಷ್ಟು?

ಮನೆಯಲ್ಲಿ ಸಾವು ಸಂಭವಿಸಿದಾಗ ನಮಗೆ ಕೇಳಿಬರುವ ಮೊದಲ ಪ್ರಶ್ನೆ: "ಮಗ ದುಬೈಯಿಂದ ಎಷ್ಟು ಗಂಟೆಗೆ ಮುಟ್ಟುತ್ತಾನೆ, ಫಾದರ್?" ಅಂತ್ಯಕ್ರಿಯೆಯ ಹೊತ್ತು ಗೊತ್ತುಮಾಡುವವರಿಗೆ ಉಪಯೋಗವಾಗಲೆಂದು ಈ ಮಾಹಿತಿಯನ್ನು ನೀಡುತ್ತಿದ್ದೇವೆ.

ದೂರ: ಬಜ್ಪೆಯಿಂದ ದುಬೈಗೆ ಆಕಾಶಮಾರ್ಗವಾಗಿ ಸುಮಾರು 2,450 ಕಿ.ಮೀ. ನೇರ ವಿಮಾನ ಸೇವೆ ಆರಂಭವಾದದ್ದು 2006ರಲ್ಲಿ. ಅದಕ್ಕೆ ಮೊದಲು ಹೆಚ್ಚಿನವರು ಮುಂಬಯಿಯಲ್ಲಿ ಇಳಿದು ಊರಿಗೆ ಬರುತ್ತಿದ್ದರು.

ಪ್ರಯಾಣದ ಸಮಯ: ಹೋಗುವಾಗ ಮೂರೂವರೆಯಿಂದ ನಾಲ್ಕು ಗಂಟೆ. ಬರುವಾಗ ಸ್ವಲ್ಪ ಕಡಿಮೆ, ಸುಮಾರು ಮೂರೂಕಾಲರಿಂದ ಮೂರೂವರೆ ಗಂಟೆ. ಎತ್ತರದಲ್ಲಿ ಪಶ್ಚಿಮದಿಂದ ಬೀಸುವ ಗಾಳಿ, ಮುಖ್ಯವಾಗಿ ಚಳಿಗಾಲದಲ್ಲಿ, ಬರುವ ವಿಮಾನವನ್ನು ಮುಂದಕ್ಕೆ ತಳ್ಳುತ್ತದೆ.

ಗಡಿಯಾರ: ಹೆಚ್ಚಿನವರು ತಪ್ಪುವುದು ಇಲ್ಲಿಯೇ. ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ 10ಕ್ಕೆ ಹೊರಟರೆ ಇಲ್ಲಿ ಆಗಲೇ 11.30, ವಿಮಾನ ಇಳಿಯುವುದು ನಸುಕಿನ 3ರ ಸುಮಾರಿಗೆ.

ಇಳಿದ ಮೇಲೆ ಇಮಿಗ್ರೇಶನ್, ಲಗೇಜುಗಳಿಗೆ ಒಂದು ಗಂಟೆ ಇಟ್ಟುಕೊಳ್ಳಬೇಕು. ನಗರಕ್ಕೆ ಮತ್ತೆ 13 ಕಿ.ಮೀ. ದಾರಿಯಿದೆ. ಮಳೆಗಾಲದಲ್ಲಿ ಮೋಡ ಕವಿದರೆ ವಿಮಾನ ಬೇರೆ ಊರಿಗೆ ತಿರುಗುವುದೂ ಉಂಟು. ಆದುದರಿಂದ ಟಿಕೆಟು ಕೈಗೆ ಬಂದ ನಂತರವೇ ಹೊತ್ತು ಪ್ರಕಟಿಸಿ. ನಾಲ್ಕು ಗಂಟೆಯಾದರೂ ಹೆಚ್ಚು ಇಡಿ. ತಾಯಿಯ ಮುಖ ಕೊನೆಯ ಬಾರಿ ನೋಡಲು ಬರುವವನಿಗಾಗಿ ಅಷ್ಟು ಕಾಯಬಹುದು.