ವಾಚಿಕವಿಲ್ಲದ ನಾಟಕ: ವೈಲ್ಡನ ‘ಬೀಸಣಿಗೆ’ಯೂ ಅದರ ಮೂಕಚಿತ್ರವೂ

ಭರತನ ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂದು ನಾಲ್ಕು ಬಗೆಯಾಗಿ ವಿಂಗಡಿಸಿ, ಅವುಗಳಲ್ಲಿ ವಾಕ್ಕನ್ನು ನಾಟ್ಯದ ಶರೀರವೆಂದು ಕರೆಯುತ್ತದೆ. ಆ ಶರೀರವನ್ನೇ ಕಳೆದುಬಿಟ್ಟರೆ ನಾಟಕದಲ್ಲಿ ಉಳಿಯುವುದೇನು? ಇದು ಕೇವಲ ತರ್ಕಕ್ಕಾಗಿ ಎತ್ತಿದ ಪ್ರಶ್ನೆಯಲ್ಲ. ೧೮೯೫ರ ಕೊನೆಯಲ್ಲಿ ಪ್ಯಾರಿಸ್ಸಿನಲ್ಲಿ ಲ್ಯೂಮಿಯೇರ್ ಸೋದರರ ಚಲಚ್ಚಿತ್ರಗಳು ಸಾರ್ವಜನಿಕರ ಮುಂದೆ ಪ್ರದರ್ಶಿತವಾದಂದಿನಿಂದ ೧೯೨೭ರಲ್ಲಿ ಮಾತಿನ ಚಿತ್ರವು ತಲೆಯೆತ್ತುವವರೆಗೆ, ರಂಗಭೂಮಿಯ ಎಷ್ಟೋ ಕೃತಿಗಳು ಮೂಕವಾಗಿಯೇ ತೆರೆಯನ್ನು ಏರಿದುವು. ಅವುಗಳಲ್ಲಿ ಈ ಪ್ರಶ್ನೆಗೆ ಕಠಿನವಾದ ಪರೀಕ್ಷೆಯೊಡ್ಡಿದ ಕೃತಿ ಆಸ್ಕರ್ ವೈಲ್ಡನ ‘ಲೇಡಿ ವಿಂಡರ್‌ಮಿಯರಳ ಬೀಸಣಿಗೆ’. ಏಕೆಂದರೆ ವೈಲ್ಡನ ಕೀರ್ತಿಯೆಲ್ಲವೂ ಅವನ ಮಾತಿನ ಮೇಲೆಯೇ ನಿಂತಿದೆ.

ಈ ನಾಟಕವು ೧೮೯೨ನೆಯ ಇಸವಿ ಫೆಬ್ರವರಿ ೨೦ರಂದು ಲಂಡನ್ನಿನ ಸೇಂಟ್ ಜೇಮ್ಸ್ ರಂಗಮಂದಿರದಲ್ಲಿ ಮೊದಲು ಪ್ರಯೋಗವಾಯಿತು, ಮುದ್ರಣವಾದುದು ಮರುವರ್ಷ. ನಾಲ್ಕು ಅಂಕಗಳ ಕಥೆಯು ಒಂದೇ ಅಹೋರಾತ್ರಿಯೊಳಗೆ ಮುಗಿಯುತ್ತದೆ. ಇಪ್ಪತ್ತೊಂದನೆಯ ಹುಟ್ಟುಹಬ್ಬದ ದಿನ ಲೇಡಿ ವಿಂಡರ್‌ಮಿಯರಳಿಗೆ ಪತಿಯು ಒಂದು ಬೀಸಣಿಗೆಯನ್ನು ಕಾಣಿಕೆಯಾಗಿ ಕೊಡುತ್ತಾನೆ. ಅದೇ ದಿನ, ಅವನು ಶ್ರೀಮತಿ ಎರ್ಲಿನ್ ಎಂಬ ಅಪಖ್ಯಾತಳಾದ ಹೆಂಗಸಿಗೆ ಹಣ ಕೊಡುತ್ತಿರುವನೆಂಬ ಸಂಗತಿಯು ಅವಳಿಗೆ ತಿಳಿದುಬರುತ್ತದೆ. ಆ ಹೆಂಗಸು ಬೇರೆ ಯಾರೂ ಅಲ್ಲ. ಇಪ್ಪತ್ತು ವರ್ಷಗಳ ಹಿಂದೆ ಗಂಡನನ್ನೂ ಹಸುಳೆಯನ್ನೂ ತೊರೆದುಹೋದ ಅವಳ ಹೆತ್ತ ತಾಯಿ. ಮಗಳಾದರೋ ತಾಯಿ ಸತ್ತಳೆಂದೇ ನಂಬಿ, ಅವಳ ಸ್ಮೃತಿಯನ್ನು ದೇವತೆಯಂತೆ ಪೂಜಿಸುತ್ತಿರುವವಳು. ನೊಂದ ಮಗಳು ಲಾರ್ಡ್ ಡಾರ್ಲಿಂಗ್‌ಟನ್ನನ ಮನೆಗೆ ಹೊರಟುಹೋಗುತ್ತಾಳೆ. ತಾನು ಒಮ್ಮೆ ತುಳಿದ ಹಾದಿಯನ್ನೇ ಮಗಳೂ ತುಳಿಯುತ್ತಿರುವುದನ್ನು ಕಂಡ ತಾಯಿಯು ಬೆನ್ನಟ್ಟಿಹೋಗಿ ಅವಳನ್ನು ಉಳಿಸುತ್ತಾಳೆ. ಅಲ್ಲಿ ಸಿಕ್ಕಿಬಿದ್ದ ಬೀಸಣಿಗೆಯ ಕಳಂಕವನ್ನು ತನ್ನ ಮೇಲೆ ಹೊತ್ತುಕೊಳ್ಳುತ್ತಾಳೆ.

ಈ ನಾಟಕವನ್ನು ೧೯೧೬ರಲ್ಲಿಯೇ ಇಂಗ್ಲೆಂಡಿನಲ್ಲಿ ಫ್ರೆಡ್ ಪಾಲ್ ಎಂಬವನು ಚಿತ್ರವಾಗಿಸಿದ್ದನು. ಆದರೆ ಇತಿಹಾಸದಲ್ಲಿ ಸ್ಥಾನ ಪಡೆದುದು ೧೯೨೫ರ ಡಿಸೆಂಬರಿನಲ್ಲಿ ಅಮೆರಿಕದ ವಾರ್ನರ್ ಸೋದರರ ಸಂಸ್ಥೆಯಿಂದ ಹೊರಬಂದ ಚಿತ್ರ. ಅದರ ನಿರ್ದೇಶಕ ಎರ್ನ್ಸ್ಟ್ ಲೂಬಿಚ್ ಬರ್ಲಿನ್ನಿನಲ್ಲಿ ೧೮೯೨ರ ಜನವರಿ ೨೯ರಂದು, ಎಂದರೆ ನಾಟಕದ ಪ್ರಥಮ ಪ್ರಯೋಗಕ್ಕೆ ಸುಮಾರು ಮೂರು ವಾರ ಮುಂಚೆ, ಹುಟ್ಟಿದವನು. ಮ್ಯಾಕ್ಸ್ ರೈನ್‌ಹಾರ್ಟನ ನಾಟಕಮಂಡಲಿಯಲ್ಲಿ ನಟನಾಗಿ ಪಳಗಿದ ಈತನಿಗೆ ರಂಗಭೂಮಿಯ ಬಲಾಬಲಗಳು ಚೆನ್ನಾಗಿ ತಿಳಿದಿದ್ದುವು. ತಾಯಿಯ ಪಾತ್ರವನ್ನು ಐರೀನ್ ರಿಚ್, ಮಗಳ ಪಾತ್ರವನ್ನು ಮೇ ಮೆಕವಾಯ್, ಡಾರ್ಲಿಂಗ್‌ಟನ್ನನ ಪಾತ್ರವನ್ನು ರೊನಾಲ್ಡ್ ಕೋಲ್ಮನ್ ವಹಿಸಿದರು.

ಮೂಕಚಿತ್ರದಲ್ಲಿ ನಡುನಡುವೆ ಬರಹದ ಫಲಕಗಳನ್ನು ತೋರಿಸುವ ಪದ್ಧತಿಯಿದ್ದುದರಿಂದ, ವೈಲ್ಡನ ಚಾಟೂಕ್ತಿಗಳನ್ನು ಅವುಗಳಲ್ಲಿ ತುಂಬಿಬಿಡುವುದು ಸುಲಭವಾಗಿತ್ತು. ಲೂಬಿಚ್ ಆ ಸುಲಭಮಾರ್ಗವನ್ನು ಹಿಡಿಯಲಿಲ್ಲ. ಪ್ರಸಿದ್ಧವಾದ ಆ ಮಾತುಗಳನ್ನೆಲ್ಲ ಬಿಟ್ಟು, ಅವು ಸಾಧಿಸುತ್ತಿದ್ದ ಪ್ರಯೋಜನವನ್ನು ನೋಟದಿಂದ ಸಾಧಿಸಲು ಯತ್ನಿಸಿದನು. ನಾಟಕದಲ್ಲಿಲ್ಲದ ಕುದುರೆಪಂದ್ಯದ ದೃಶ್ಯವು ಇದಕ್ಕೆ ನಿದರ್ಶನ. ಶ್ರೀಮತಿ ಎರ್ಲಿನ್ ಅಲ್ಲಿಗೆ ಬಂದೊಡನೆ ಸಭ್ಯಸಮಾಜದ ದುರ್ಬೀನುಗಳೆಲ್ಲ ಕುದುರೆಗಳನ್ನು ಬಿಟ್ಟು ಅವಳ ಕಡೆಗೆ ತಿರುಗುತ್ತವೆ. ಆಡಿಕೊಳ್ಳುವ ನಾಲಗೆಯ ಕೆಲಸವನ್ನು ಇಲ್ಲಿ ಕಣ್ಣೇ ಮಾಡುತ್ತದೆ. ಅವಳು ಹೊರಟಾಗ ಲಾರ್ಡ್ ಅಗಸ್ಟಸ್ ಹಿಂಬಾಲಿಸುತ್ತಾನೆ. ಇಬ್ಬರ ನಡುವಣ ಅಂತರ ಕಡಿಮೆಯಾದಂತೆ ಚಿತ್ರವೂ ಪಕ್ಕದಿಂದ ಕತ್ತಲೆ ಕವಿದು ಕಿರಿದಾಗುತ್ತದೆ. ಮುಂದೆ ಅವನು ಅವಳ ಮನೆಯ ಬಾಗಿಲ ಗಂಟೆಯನ್ನು ಬಾರಿಸುವ ರೀತಿಯೇ ಅವರ ಬಳಕೆ ಎಷ್ಟಕ್ಕೆ ಬಂದಿದೆಯೆಂಬುದನ್ನು ಸೂಚಿಸುತ್ತದೆ. ಉದ್ಯಾನದಲ್ಲಿ ಲೇಡಿ ವಿಂಡರ್‌ಮಿಯರ್ ಹಸುರುಬೇಲಿಯ ಮರೆಯಿಂದ ಶ್ರೀಮತಿ ಎರ್ಲಿನಳ ಕೈಯನ್ನು ಯಾರೋ ಚುಂಬಿಸುವುದನ್ನು ಮಾತ್ರ ಕಾಣುತ್ತಾಳೆ, ಅವನು ತನ್ನ ಪತಿಯೆಂದೇ ತಿಳಿಯುತ್ತಾಳೆ, ಇದ್ದವನು ಅಗಸ್ಟಸ್. ಅರ್ಧ ಕಂಡು ಪೂರ್ಣ ನಿರ್ಣಯಿಸುವ ಸಮಾಜದ ದೋಷವೇ ಇಲ್ಲಿ ಒಂದು ಬೇಲಿಯ ರೂಪದಲ್ಲಿ ನಿಂತಿದೆ. ವಾಚ್ಯವನ್ನು ಕೈಬಿಟ್ಟು ವ್ಯಂಗ್ಯವನ್ನು ಹಿಡಿಯುವ ಈ ರೀತಿಗೆ ನಮ್ಮ ಆಲಂಕಾರಿಕರು ಧ್ವನಿಯೆಂಬ ಹೆಸರನ್ನೇ ಕೊಡುತ್ತಿದ್ದರೇನೋ.

ರಹಸ್ಯದ ನಿರ್ವಹಣೆಯಲ್ಲಿಯೂ ಒಂದು ಗಮನಾರ್ಹವಾದ ಚರಿತ್ರೆಯುಂಟು. ತಾಯಿಮಗಳ ಸಂಬಂಧವನ್ನು ಪ್ರೇಕ್ಷಕರಿಂದ ಕೊನೆಯ ಅಂಕದವರೆಗೂ ಮುಚ್ಚಿಡಬೇಕೆಂಬುದು ವೈಲ್ಡನ ಮೊದಲ ಉದ್ದೇಶ. ರಂಗಮಂದಿರದ ವ್ಯವಸ್ಥಾಪಕನೂ ನಟನೂ ಆದ ಜಾರ್ಜ್ ಅಲೆಗ್ಸಾಂಡರನು ಇದನ್ನು ಒಪ್ಪಲಿಲ್ಲ. ಪ್ರಯೋಗಗಳು ಆರಂಭವಾದ ಕೆಲವೇ ದಿನಗಳಲ್ಲಿ ವೈಲ್ಡನು ಪಾಠವನ್ನು ತಿದ್ದಿ, ಗುಟ್ಟು ಕ್ರಮಕ್ರಮವಾಗಿ ಬಯಲಾಗುವಂತೆ ಮಾಡಿದನು. ಮುದ್ರಿತ ನಾಟಕದಲ್ಲಿ ಎರಡನೆಯ ಅಂಕದ ಕೊನೆಗೆ ಸಂಬಂಧವು ಸ್ಪಷ್ಟವಾಗುತ್ತದೆ. ಲೂಬಿಚ್ ಅದೇ ದಾರಿಯಲ್ಲಿ ಕೊನೆಯವರೆಗೆ ನಡೆದು, ಕಥೆಯ ಆರಂಭದಲ್ಲಿಯೇ ಎಲ್ಲವನ್ನೂ ತಿಳಿಸಿಬಿಟ್ಟನು. ಇದರಿಂದ ಕುತೂಹಲವು ಕುಂದಿ ಕರುಣವು ಹೆಚ್ಚಿತು. ಇವಳು ಯಾರೆಂದು ಪ್ರೇಕ್ಷಕನು ಊಹಿಸಬೇಕಾಗಿಲ್ಲ. ಮಗಳ ಮುಂದೆ ನಿಂತು ಮಗಳೆನ್ನಲಾರದ ತಾಯಿಯ ಮುಖವನ್ನು ನೋಡಿದರೆ ಸಾಕು.

ಬೀಸಣಿಗೆಯ ಪಾತ್ರವೂ ವಿಚಾರಾರ್ಹವಾದುದು. ಕಾಳಿದಾಸನ ಶಾಕುಂತಲದಲ್ಲಿ ಉಂಗುರವು ಕಳೆದುದರಿಂದ ಮರವೆಯು ಉಳಿಯುತ್ತದೆ, ದೊರೆತುದರಿಂದ ಸ್ಮರಣೆಯು ಉಂಟಾಗುತ್ತದೆ. ಅದು ಕಡೆಗೆ ಕೂಡಿಸುವ ಅಭಿಜ್ಞಾನ. ವೈಲ್ಡನಲ್ಲಿ ಬೀಸಣಿಗೆಯು ದೊರೆತುದೇ ವಿಪತ್ತು. ಅದು ತನ್ನದೆಂಬಂತೆ ತಾಯಿಯು ಮುಂದೆ ಬಂದು ನಿಂತಾಗ ಮಗಳು ಮರೆಯಾಗಿ ಪಾರಾಗುತ್ತಾಳೆ; ಗುರುತಿಸುವಿಕೆಯ ಬಾಗಿಲು ಶಾಶ್ವತವಾಗಿ ಮುಚ್ಚುತ್ತದೆ. ನಾಟಕದಲ್ಲಾಗಲಿ ಚಿತ್ರದಲ್ಲಾಗಲಿ ತನ್ನನ್ನು ಉಳಿಸಿದವಳು ಯಾರೆಂಬುದು ಮಗಳಿಗೆ ಕಡೆಗೂ ತಿಳಿಯುವುದಿಲ್ಲ.

ಇಲ್ಲಿಯೇ ಮೊದಲ ಪ್ರಶ್ನೆಗೆ ಉತ್ತರದ ಸುಳಿವು ದೊರೆಯುತ್ತದೆ. ಮಾತಿನಿಂದ ತುಂಬಿತುಳುಕುವ ಈ ನಾಟಕದ ನಡುವಿನಲ್ಲಿರುವುದು ಆಡದೆ ಉಳಿದ ಒಂದೇ ಒಂದು ಮಾತು. ಮಿಕ್ಕವರೆಲ್ಲರ ಜಾಣ್ನುಡಿಗಳು ಆ ಮೌನದ ಸುತ್ತ ಕಟ್ಟಿದ ಪ್ರಾಕಾರ. ಲೂಬಿಚ್ ಪ್ರಾಕಾರವನ್ನು ಕೆಡವಿದನು, ಗರ್ಭಗುಡಿಯನ್ನು ಉಳಿಸಿಕೊಂಡನು. ಆದರೆ ನಷ್ಟವೇ ಆಗಲಿಲ್ಲವೆನ್ನುವುದು ಸತ್ಯವಾಗದು. ಮೂರನೆಯ ಅಂಕದಲ್ಲಿ ಗಂಡಸರು ಹೆಂಗಸರ ನಡತೆಯನ್ನು ಕುರಿತು ಸರಸವಾಗಿ ಹರಟುತ್ತಿರುವಾಗ, ತಾಯಿಮಗಳಿಬ್ಬರೂ ಅದೇ ಮನೆಯಲ್ಲಿ ಅಡಗಿರುತ್ತಾರೆ. ಆ ಹರಟೆಯ ಚೆಲುವು ಎಷ್ಟೋ ಅದರ ಕ್ರೌರ್ಯವೂ ಅಷ್ಟು. ಇದನ್ನು ಕಿವಿಯಿಂದ ಕೇಳಿಯೇ ಅರಿಯಬೇಕು. ಮೂಕಚಿತ್ರವು ಮೂಲನಾಟಕಕ್ಕೆ ಪ್ರತಿನಿಧಿಯಾಗಲಾರದು. ಅದು ಒಂದು ಭಾಷ್ಯ.

ವೈಲ್ಡನು ಈ ಭಾಷ್ಯವನ್ನು ಕಾಣಲಿಲ್ಲ. ೧೮೯೫ರಲ್ಲಿ ಸೆರೆಮನೆಗೆ ಹೋದ ಅವನು, ತಾನು ಬಣ್ಣಿಸಿದ ಸಮಾಜದಿಂದಲೇ ಬಹಿಷ್ಕೃತನಾಗಿ ೧೯೦೦ರ ನವೆಂಬರ್ ೩೦ರಂದು ಪ್ಯಾರಿಸ್ಸಿನಲ್ಲಿ ತೀರಿಕೊಂಡನು. ಲೂಬಿಚ್ಚನ ಚಿತ್ರವನ್ನು ೨೦೦೨ರಲ್ಲಿ ಅಮೆರಿಕದ ಕಾಂಗ್ರೆಸ್ ಗ್ರಂಥಾಲಯವು ಕಾಪಾಡತಕ್ಕ ಚಿತ್ರಗಳ ರಾಷ್ಟ್ರೀಯ ಪಟ್ಟಿಯಲ್ಲಿ ಸೇರಿಸಿತು. ನಾಟಕವನ್ನು ಪಾಠ ಹೇಳುವವರು ಎರಡನ್ನೂ ಜೊತೆಯಲ್ಲಿಟ್ಟುಕೊಂಡು ನೋಡಿದಲ್ಲಿ, ಒಂದು ಕೃತಿಯಲ್ಲಿ ಮಾತು ಎಲ್ಲಿ ಅಲಂಕಾರ, ಎಲ್ಲಿ ಪ್ರಾಣ ಎಂಬುದನ್ನು ವಿದ್ಯಾರ್ಥಿಗಳಿಗೆ ತೋರಿಸಿಕೊಡುವುದು ಸುಲಭವಾದೀತು.