ಮೆಕ್ಕೆಜೋಳದ ಕಳೆನಾಶಕ: ವಾಟ್ಸ್‌ಆ್ಯಪ್ ಸಲಹೆಗಳಲ್ಲಿ ನಿಜವೆಷ್ಟು?

ಮಂಗಳೂರು ನಗರದಲ್ಲಿ ಮೆಕ್ಕೆಜೋಳದ ಹೊಲ ಕಾಣುವುದು ಅಪರೂಪ. ಆದರೆ ದಾವಣಗೆರೆ, ಹಾವೇರಿ ಕಡೆಯ ರೈತರಿಗೆಂದು ಬರೆದ ಕಳೆನಾಶಕದ ಸಲಹೆಗಳು ಇಲ್ಲಿನ ಫ್ಯಾಮಿಲಿ ಗ್ರೂಪ್‌ಗಳಿಗೂ ಬರುತ್ತವೆ. ಹೊಲಕ್ಕೂ ಮನೆಯಂಗಳಕ್ಕೂ ಒಂದೇ ಔಷಧಿ ಎಂದು ನಂಬಿದರೆ ಬೆಳೆಯೂ ಹೋದೀತು, ಬಾವಿ ನೀರೂ ಕೆಟ್ಟೀತು.

ಹೇಳಿಕೆ 1: ಜೋಳಕ್ಕೆ ಏನೂ ಆಗದ ಔಷಧಿ ಎಲ್ಲ ಗಿಡಕ್ಕೂ ಸುರಕ್ಷಿತ

ತಪ್ಪು. ಅಟ್ರಾಜಿನ್ ಸಸ್ಯದ ದ್ಯುತಿಸಂಶ್ಲೇಷಣೆಯನ್ನು ತಡೆಯುತ್ತದೆ. ಮೆಕ್ಕೆಜೋಳ ಅದನ್ನು ತನ್ನೊಳಗೇ ನಿರುಪದ್ರವಿಯಾಗಿ ಬದಲಿಸಿಕೊಳ್ಳುತ್ತದೆ. ಆ ಶಕ್ತಿ ಹೆಚ್ಚಿನ ಕಳೆಗಳಿಗಿಲ್ಲ, ಸೋಯಾ, ಸೌತೆಯಂಥ ಬೆಳೆಗಳಿಗೂ ಇಲ್ಲ. ತೊಗರಿಯನ್ನು ಅಕ್ಕಡಿಯಾಗಿ ಹಾಕಿದ ಜೋಳದ ಹೊಲದಲ್ಲೂ ಇದನ್ನು ಬಳಸಬಾರದು. ಮಣ್ಣಿನಲ್ಲಿ ಉಳಿದ ಅಂಶ ಮುಂದಿನ ಬೆಳೆಗೂ ತೊಂದರೆ ಕೊಡಬಹುದು.

ಹೇಳಿಕೆ 2: ಗ್ಲೈಫೋಸೇಟ್ ಹೊಡೆದರೆ ಕಳೆ ಮಾತ್ರ ಸಾಯುತ್ತದೆ

ತಪ್ಪು. ತಾಗಿದರೆ ಜೋಳವೂ ಒಣಗುತ್ತದೆ. ಇದನ್ನು ತಾಳಿಕೊಳ್ಳುವ ಕುಲಾಂತರಿ ಜೋಳಕ್ಕೆ ಭಾರತದಲ್ಲಿ ಅನುಮತಿ ಇಲ್ಲ. ಕೀಟ ನಿಯಂತ್ರಣ ನಿರ್ವಾಹಕರು ಮಾತ್ರ ಗ್ಲೈಫೋಸೇಟ್ ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆದೇಶ ಹೊರಡಿಸಿದೆ.

ಹೇಳಿಕೆ 3: ಪ್ರಮಾಣ ಹೆಚ್ಚಿಸಿ, ಉಪ್ಪು ಬೆರೆಸಿದರೆ ಬೇಗ ಫಲ

ತಪ್ಪು. ಉಪ್ಪು ಮಣ್ಣನ್ನೇ ಕೆಡಿಸುತ್ತದೆ. ಫಲ ಸಿಗುವುದು ಸರಿಯಾದ ಸಮಯದಿಂದ. ಅಟ್ರಾಜಿನ್ 50% ಪುಡಿಯನ್ನು ಬಿತ್ತಿದ ಮೂರು ದಿನದೊಳಗೆ, ಕಳೆ ಮೊಳೆಯುವ ಮೊದಲು, ತೇವವಿರುವ ಮಣ್ಣಿಗೆ ಸಿಂಪಡಿಸಬೇಕು. ಮಣ್ಣಿನ ಗುಣ ನೋಡಿ ಎಕರೆಗೆ 400ರಿಂದ 800 ಗ್ರಾಂ, ಕನಿಷ್ಠ 200 ಲೀಟರ್ ನೀರಿನಲ್ಲಿ. ಕಳೆ ಮೊಳೆತ ಮೇಲಾದರೆ ಟೆಂಬೋಟ್ರಿಯಾನ್, ಟೋಪ್ರಮೆಝೋನ್ ಇವೆ. ಅವನ್ನು ಕಳೆ 2ರಿಂದ 4 ಎಲೆ ಬಿಟ್ಟಾಗ ಬಳಸಬೇಕು. ಯಾವುದೇ ಆದರೂ ಡಬ್ಬಿಯ ಮೇಲಿನ ಲೇಬಲ್ಲೇ ಅಂತಿಮ. ಜೋರು ಮಳೆ ಬರುವಂತಿದ್ದರೆ ಸಿಂಪಡಿಸಬೇಡಿ. ಔಷಧಿ ಕೊಚ್ಚಿ ಹೋಗಿ ತೋಡು, ಬಾವಿ ಸೇರುತ್ತದೆ. ಅಂತರ್ಜಲದಲ್ಲಿ ಕಂಡುಬಂದ ಕಾರಣಕ್ಕೇ ಯುರೋಪಿಯನ್ ಒಕ್ಕೂಟ ಅಟ್ರಾಜಿನ್ ಅನ್ನು ಕೈಬಿಟ್ಟಿತು.

ಹೇಳಿಕೆ 4: ಸಿಂಪಡಿಸಿದ ಮೇಲೆ ಹಾಲು, ಬೆಲ್ಲ ತಿಂದರೆ ವಿಷ ಇಳಿಯುತ್ತದೆ

ತಪ್ಪು, ಅಪಾಯಕಾರಿಯೂ ಹೌದು. ವಿಷ ಒಳಹೋಗುವುದನ್ನು ತಡೆಯುವುದು ಕೈಗವಸು, ಮಾಸ್ಕ್, ಉದ್ದ ತೋಳಿನ ಅಂಗಿ, ಬೂಟು. ಗಾಳಿಗೆ ಎದುರಾಗಿ ನಿಂತು ಸಿಂಪಡಿಸಬೇಡಿ. ಮೈಗೆ ಬಿದ್ದರೆ ಬಟ್ಟೆ ತೆಗೆದು ಸೋಪು ಹಾಕಿ ತೊಳೆಯಿರಿ. ಬಾಯಿಗೆ ಹೋಗಿದ್ದರೆ ವಾಂತಿ ಮಾಡಿಸಬೇಡಿ. ಡಬ್ಬಿಯ ಲೇಬಲ್ ಸಮೇತ ಕೂಡಲೇ ಆಸ್ಪತ್ರೆಗೆ ಹೋಗಿ. ಪ್ಯಾರಾಕ್ವಾಟ್‌ಗಂತೂ ನಿರ್ದಿಷ್ಟ ಪ್ರತಿವಿಷವೇ ಇಲ್ಲ. ಕಳೆನಾಶಕವನ್ನು ನೀರಿನ ಬಾಟಲಿಗೆ ಎಂದೂ ಸುರಿದಿಡಬೇಡಿ.

ಹಾಗಾದರೆ ಅಂಗಳದ ಕಳೆಗೆ?

ಮಳೆಗೆ ಮಣ್ಣು ಮೆತ್ತಗಾದಾಗ ಬೇರುಸಹಿತ ಕೀಳಿ, ಹೂ ಬಿಡುವ ಮೊದಲೇ ಕತ್ತರಿಸಿ, ತೆಂಗಿನ ಮಡಲು ಅಥವಾ ಒಣ ಎಲೆ ಮುಚ್ಚಿ. ಬಾವಿ ಇರುವ ಮನೆಯಲ್ಲಿ ಇದೇ ಸರಿ. ಹೊಲದ ವಿಷಯಕ್ಕೆ ರೈತ ಸಂಪರ್ಕ ಕೇಂದ್ರ ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಕೇಳಿ. ಔಷಧಿಯ ಹೆಸರು, ಬೆಳೆ, ಪ್ರಮಾಣ, ಸಮಯ ಈ ನಾಲ್ಕೂ ಇಲ್ಲದ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ.