ಟ್ರೆಕ್ಕಿಂಗ್, ಕ್ಯಾಂಪಿಂಗ್‌ಗೆ ಚಾಕು ಕೊಳ್ಳುತ್ತೀರಾ? ಹಣ ಹಾಕುವ ಮುನ್ನ ಇವನ್ನು ಗಮನಿಸಿ

ವಾರಾಂತ್ಯ ಬಂತೆಂದರೆ ಮುಂಬೈ, ಪುಣೆಯಿಂದ ಸಹ್ಯಾದ್ರಿಯ ಕಡೆಗೆ, ಚೆನ್ನೈ, ಹೈದರಾಬಾದ್‌ನಿಂದ ಪೂರ್ವ ಘಟ್ಟಗಳ ಕಡೆಗೆ, ದೆಹಲಿಯಿಂದ ಹಿಮಾಚಲ, ಉತ್ತರಾಖಂಡದ ಕಡೆಗೆ ಬೆನ್ನಿಗೆ ಚೀಲ ಏರಿಸಿ ಹೊರಡುವವರು ಬಹಳ. ಟೆಂಟ್, ಶೂ, ಟಾರ್ಚ್ ಆದ ಮೇಲೆ ಹಲವರು ಹುಡುಕುವುದು ಒಂದು ಗಟ್ಟಿ ಚಾಕುವನ್ನು. ಆನ್‌ಲೈನ್‌ನಲ್ಲಿ ಕೆಲವು ನೂರು ರೂಪಾಯಿಯಿಂದ ಹಲವು ಸಾವಿರ ರೂಪಾಯಿವರೆಗಿನ ಚಾಕುಗಳು ಸಾಲುಗಟ್ಟಿ ನಿಂತಿವೆ.

ನೋಡಲು ಭಯಂಕರವಾಗಿರುವ ಚಾಕು ಕೆಲಸಕ್ಕೂ ಬರುತ್ತದೆ ಎಂದೇನಿಲ್ಲ. ಕಾಡಿನ ನಡುವೆ ಅಲಗು ಹಿಡಿಯಿಂದ ಕಳಚಿಕೊಂಡರೆ ಹಣವಷ್ಟೇ ಅಲ್ಲ, ಕೈಗೂ ಪೆಟ್ಟು. ಅಲ್ಲಿಂದ ಆಸ್ಪತ್ರೆ ಗಂಟೆಗಟ್ಟಲೆ ದೂರ. ಕಡಿಮೆ ಬೆಲೆಗೆ ಒಳ್ಳೆಯ ಚಾಕು ಸಿಗುವುದು ಖಂಡಿತ ಸಾಧ್ಯ. ಆದರೆ ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬುದು ಗೊತ್ತಿರಬೇಕು.

ಮಡಚುವ ಚಾಕುವೋ, ಮಡಚದ್ದೋ?

ಹಣ್ಣು ಹೆಚ್ಚಲು, ಪೊಟ್ಟಣ ಕತ್ತರಿಸಲು ಮಡಚುವ ಚಾಕು ಸಾಕು. ಹಗ್ಗ ಕತ್ತರಿಸುವುದು, ಟೆಂಟ್‌ಗೆ ಗೂಟ ಕೆತ್ತುವುದು, ಒಲೆಗೆ ಸಣ್ಣ ಕಟ್ಟಿಗೆ ಸೀಳುವುದು ಇದ್ದರೆ ಮಡಚದ, ಅಂದರೆ ಫಿಕ್ಸೆಡ್ ಬ್ಲೇಡ್ ಚಾಕು ಬೇಕು. ಇದರಲ್ಲಿ ಸ್ಪ್ರಿಂಗ್, ತಿರುಪು, ಲಾಕ್ ಯಾವುದೂ ಇರುವುದಿಲ್ಲ. ಕೆಲಸದ ನಡುವೆ ಬೆರಳಿನ ಮೇಲೆ ಮಡಚಿಕೊಳ್ಳುವ ಅಪಾಯವಿಲ್ಲ. ತೊಳೆಯುವುದೂ ಸುಲಭ.

ಉದ್ದ ಎಷ್ಟಿರಬೇಕು?

ಒಂಬತ್ತರಿಂದ ಹನ್ನೊಂದು ಸೆಂಟಿಮೀಟರ್ ಅಲಗು ಕ್ಯಾಂಪಿನ ಬಹುತೇಕ ಕೆಲಸಕ್ಕೆ ಸಾಕು. ದಪ್ಪ 2.5ರಿಂದ 3 ಮಿಲಿಮೀಟರ್ ಇದ್ದರೆ ತರಕಾರಿಯೂ ಹೆಚ್ಚಬಹುದು, ಕಡ್ಡಿಯೂ ಕೆತ್ತಬಹುದು. ನಾಲ್ಕು, ಐದು ಮಿಲಿಮೀಟರ್ ದಪ್ಪದ ಅಲಗು ಕಟ್ಟಿಗೆ ಸೀಳಲು ಗಟ್ಟಿ, ಆದರೆ ಈರುಳ್ಳಿ ಹೆಚ್ಚಲು ಹೋದರೆ ಸೀಳಿಬಿಡುತ್ತದೆ. ಮೇಲಾಗಿ ತೂಕ ಹೊರಬೇಕಾದವರು ನೀವೇ.

ಬೆನ್ನಿನ ಮೇಲೆ ಗರಗಸದ ಹಲ್ಲಿರುವ ಚಾಕುಗಳು ಸಿನಿಮಾಕ್ಕೆ ಚೆಂದ. ಆ ಹಲ್ಲು ಮರವನ್ನು ಸರಿಯಾಗಿ ಕೊಯ್ಯುವುದಿಲ್ಲ. ಬೆನ್ನಿನ ಮೇಲೆ ಹೆಬ್ಬೆರಳಿಟ್ಟು ಒತ್ತಲೂ ಬಿಡುವುದಿಲ್ಲ. ಎರಡೂ ಕಡೆ ಹರಿತವಿರುವ ಅಲಗಿನಲ್ಲೂ ಇದೇ ತೊಂದರೆ. ಒಂದೇ ಕಡೆ ಹರಿತವಿರುವ, ನೇರ ಬೆನ್ನಿನ ಸಾದಾ ಅಲಗೇ ಉತ್ತಮ.

ಉಕ್ಕಿನ ಹೆಸರು ಕೇಳಿ

'ಸರ್ಜಿಕಲ್ ಸ್ಟೀಲ್', 'ಹೈ ಕ್ವಾಲಿಟಿ ಸ್ಟೀಲ್' ಎಂದಷ್ಟೇ ಬರೆದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಹೆಸರು ನಿಖರವಾಗಿರಬೇಕು. 12ಸಿ27, 420ಎಚ್‌ಸಿ, 8ಸಿಆರ್13ಎಂಒವಿ ಇವು ಕಡಿಮೆ ಹಾಗೂ ಮಧ್ಯಮ ಬೆಲೆಯ ಚಾಕುಗಳಲ್ಲಿ ಸಿಗುವ ನಂಬಬಹುದಾದ ಸ್ಟೇನ್‌ಲೆಸ್ ಉಕ್ಕುಗಳು. 1095 ಎಂಬುದು ಕಾರ್ಬನ್ ಉಕ್ಕು. ಇದನ್ನು ಸಾಣೆ ಹಿಡಿಯುವುದು ಸುಲಭ, ಆದರೆ ಒದ್ದೆ ಬಿಟ್ಟರೆ ಬೇಗ ತುಕ್ಕು ಹಿಡಿಯುತ್ತದೆ. ಸಹ್ಯಾದ್ರಿಯ ಮಳೆಯಲ್ಲಿ ಓಡಾಡುವವರಿಗೆ, ಕಡಲ ತೀರದವರಿಗೆ ಸ್ಟೇನ್‌ಲೆಸ್ ವಾಸಿ.

ಉಕ್ಕಿನಷ್ಟೇ ಮುಖ್ಯ ಅದಕ್ಕೆ ಕೊಟ್ಟ ಹದ. ಗಡಸುತನವನ್ನು 'ಎಚ್‌ಆರ್‌ಸಿ' ಎಂಬ ಅಳತೆಯಲ್ಲಿ ಹೇಳುತ್ತಾರೆ. 56ರಿಂದ 60ರ ನಡುವೆ ಇದ್ದರೆ ಹೊರಾಂಗಣ ಬಳಕೆಗೆ ಸರಿ. ಅದಕ್ಕಿಂತ ತೀರಾ ಮೆದುವಾದರೆ ಹರಿತ ನಿಲ್ಲುವುದಿಲ್ಲ, ತೀರಾ ಗಡಸಾದರೆ ಅಂಚು ಚಕ್ಕೆ ಏಳುತ್ತದೆ.

ಹಿಡಿಯೊಳಗೆ ಏನಿದೆ?

ಅಲಗಿನ ಉಕ್ಕು ಹಿಡಿಯೊಳಗೆ ಎಷ್ಟು ದೂರ ಹೋಗಿದೆ ಎಂಬುದರ ಮೇಲೆ ಚಾಕುವಿನ ಬಲ ನಿಂತಿದೆ. ಹಿಡಿಯ ಕೊನೆಯವರೆಗೂ ಪೂರ್ತಿ ಅಗಲಕ್ಕೆ ಇದ್ದರೆ ಅದು 'ಫುಲ್ ಟ್ಯಾಂಗ್'. ಕಟ್ಟಿಗೆ ಸೀಳುವವರಿಗೆ ಇದು ಬೇಕು. ಸಾಮಾನ್ಯ ಕೆಲಸಕ್ಕೆ ಹಿಡಿಯ ಮುಕ್ಕಾಲು ಭಾಗದವರೆಗೆ ಉಕ್ಕು ಇದ್ದರೂ ನಡೆಯುತ್ತದೆ.

ಹಿಡಿ ಟೊಳ್ಳಾಗಿದ್ದು, ಅದರೊಳಗೆ ದಿಕ್ಸೂಚಿ, ಬೆಂಕಿಕಡ್ಡಿ, ಮೀನಿನ ಗಾಳ ಇಟ್ಟಿರುವ ಅಗ್ಗದ 'ಸರ್ವೈವಲ್' ಚಾಕುಗಳಿಂದ ದೂರವಿರಿ. ಅಲಗು ಗಿಡ್ಡ ತುಂಡಿನಲ್ಲಿ ಹಿಡಿಗೆ ಸಿಕ್ಕಿಕೊಂಡಿರುತ್ತದೆ. ಸ್ವಲ್ಪ ಬಲ ಬಿದ್ದರೆ ಮುರಿಯುವುದು ಅಲ್ಲೇ.

ಒದ್ದೆ ಕೈಯಲ್ಲಿ ಹಿಡಿದು ನೋಡಿ. ಹಿಡಿ ಜಾರಬಾರದು. ಕೈ ಮುಂದಕ್ಕೆ ಸರಿದು ಅಲಗಿನ ಮೇಲೆ ಹೋಗದಂತೆ ತಡೆ ಇರಬೇಕು. ಒರೆಗೆ ಸೇರಿಸಿ ತಲೆಕೆಳಗು ಮಾಡಿ ಅಲುಗಾಡಿಸಿದರೆ ಚಾಕು ಜಾರಿ ಬೀಳಬಾರದು. ಚರ್ಮದ ಒರೆ ತೇವ ಹಿಡಿದಿಡುತ್ತದೆ. ಮಳೆಗಾಲಕ್ಕೆ ಗಟ್ಟಿ ಪ್ಲಾಸ್ಟಿಕ್ ಒರೆ ಅನುಕೂಲ.

ಮೊರಾದ ಪಾಠ, ಕಮ್ಮಾರನ ಕತ್ತಿ

ಕೊಟ್ಟ ಹಣಕ್ಕೆ ತಕ್ಕ ಚಾಕು ಎಂದಾಗ ಜಗತ್ತಿನೆಲ್ಲೆಡೆ ಮೊದಲು ಕೇಳಿಬರುವ ಹೆಸರು ಸ್ವೀಡನ್ನಿನ ಮೊರಾ ಪಟ್ಟಣದ್ದು. ಅಲ್ಲಿನ ಮೊರಾಕ್ನಿವ್ ಸಂಸ್ಥೆಯ ಬೇರು 1891ರಷ್ಟು ಹಳೆಯದು. ಅದರ 'ಕಂಪ್ಯಾನಿಯನ್' ಚಾಕುವಿನ ಸ್ಟೇನ್‌ಲೆಸ್ ಅಲಗು ಸುಮಾರು 10.4 ಸೆಂಟಿಮೀಟರ್ ಉದ್ದ, 2.5 ಮಿಲಿಮೀಟರ್ ದಪ್ಪ. ಫುಲ್ ಟ್ಯಾಂಗ್ ಅಲ್ಲ, ಹಿಡಿ ರಬ್ಬರಿನಂತಿದೆ, ಒರೆ ಪ್ಲಾಸ್ಟಿಕ್ಕಿನದು. ಹಣವೆಲ್ಲ ಹೋಗಿರುವುದು ಉಕ್ಕಿಗೆ, ಹದಕ್ಕೆ. ಆಮದಾಗುವುದರಿಂದ ಇಲ್ಲಿ ಬೆಲೆ ಏರುತ್ತದೆ. ಬೇರೆ ಚಾಕು ಕೊಳ್ಳುವವರೂ ಇದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು.

ಊರಿನ ನಂಟು ಇರುವವರಿಗೆ ಇನ್ನೊಂದು ದಾರಿಯೂ ಇದೆ. ಮಲೆನಾಡಿನಲ್ಲಿ ತೋಟಕ್ಕೆ ಹೋಗುವವರ ಸೊಂಟದ ಕೊಕ್ಕೆಯಲ್ಲಿ ತೂಗುವ ಕತ್ತಿಯನ್ನು ಮಾಡುವುದು ಊರ ಕಮ್ಮಾರ. ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಹದ ಬಲ್ಲ ಕಮ್ಮಾರ ಮಾಡಿದ ಅಲಗು ವರ್ಷಾನುಗಟ್ಟಲೆ ಬಾಳುತ್ತದೆ. ಬಾಗಿದ ಕತ್ತಿ ಸೊಪ್ಪು ಸವರಲು ಹೇಳಿ ಮಾಡಿಸಿದ್ದು, ಬೆನ್ನುಚೀಲಕ್ಕೆ ಭಾರ. ಅವರಲ್ಲೇ ಸಣ್ಣ ನೇರ ಅಲಗಿನ ಚಾಕು ಮಾಡಿಸಿಕೊಳ್ಳಬಹುದು. ಎಣ್ಣೆ ಸವರಿ ಇಡುವ ಅಭ್ಯಾಸ ಮಾತ್ರ ಬೇಕು.

ಕಾನೂನು ಏನು ಹೇಳುತ್ತದೆ?

ಬಹಳಷ್ಟು ಮಂದಿ ಎಡವುವುದು ಇಲ್ಲೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಲಿಖಿತ ಪೂರ್ವಾನುಮತಿ ಇಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವಂತಿಲ್ಲ. ಆಯುಧ ಎಂಬ ಪದದ ವ್ಯಾಖ್ಯೆಯಲ್ಲಿ ಚಾಕು ಕೂಡ ಸೇರಿದೆ. ರಾಷ್ಟ್ರೀಯ ಉದ್ಯಾನಗಳಿಗೂ ಇದು ಅನ್ವಯ. ಕುಮಾರ ಪರ್ವತ ಇರುವುದು ಪುಷ್ಪಗಿರಿ ಅಭಯಾರಣ್ಯದಲ್ಲಿ. ಕುದುರೆಮುಖ ರಾಷ್ಟ್ರೀಯ ಉದ್ಯಾನ. ಪುಣೆ, ಮುಂಬೈಯವರು ಏರುವ ಕಳಸೂಬಾಯಿ, ಹರಿಶ್ಚಂದ್ರಗಡಗಳೂ ಅಭಯಾರಣ್ಯದ ಭಾಗ. ಇಂಥ ಕಡೆ ಹೊರಟಿದ್ದರೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ, ಇಲ್ಲವೇ ಚಾಕುವನ್ನು ಮನೆಯಲ್ಲೇ ಬಿಡಿ.

2016ರ ಶಸ್ತ್ರಾಸ್ತ್ರ ನಿಯಮಗಳು ಒಂಬತ್ತು ಇಂಚಿಗಿಂತ ಉದ್ದದ ಅಥವಾ ಎರಡು ಇಂಚಿಗಿಂತ ಅಗಲದ ಅಲಗುಗಳನ್ನು ಶಸ್ತ್ರಗಳ ಪಟ್ಟಿಯಲ್ಲಿ ಸೇರಿಸಿವೆ. ಮನೆ, ಕೃಷಿ, ಕೈಗಾರಿಕೆ ಹಾಗೂ ವೈಜ್ಞಾನಿಕ ಬಳಕೆಗೆಂದೇ ಮಾಡಿದವಕ್ಕೆ ವಿನಾಯಿತಿ ಇದೆ. ಚಿಕ್ಕ ಅಲಗು ಆರಿಸಲು ಇದೂ ಒಂದು ಕಾರಣ. ನಗರಗಳಲ್ಲಿ ಪೊಲೀಸರ ನಿಷೇಧಾಜ್ಞೆ ಇರುವಾಗ ಸಣ್ಣ ಚಾಕು ಕೂಡ ತೊಂದರೆ ತರಬಹುದು. ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ ನಿಲ್ದಾಣ, ಮೆಟ್ರೊಗಳಲ್ಲಿ ಓಡಾಡಬೇಡಿ. ವಿಮಾನದಲ್ಲಿ ಕೈಚೀಲದಲ್ಲಿ ಬಿಡುವುದಿಲ್ಲ. ಸುತ್ತಿ, ಕೌಂಟರ್‌ನಲ್ಲಿ ಕೊಡುವ ಸಾಮಾನಿನಲ್ಲಿಡಿ.

ಕೊಂಡ ಮೇಲೆ

ದುಬಾರಿ ಚಾಕುವಿಗಿಂತ ಸಾದಾ ಚಾಕು ಮತ್ತು ಒಂದು ಸಾಣೆಕಲ್ಲು ಉತ್ತಮ ಲೆಕ್ಕಾಚಾರ. ಒಂದು ಬದಿ 400, ಇನ್ನೊಂದು ಬದಿ 1000 ಗ್ರಿಟ್ ಇರುವ ಕಲ್ಲು ಸಾಕು. ವೇಗವಾಗಿ ತಿರುಗುವ ಚಕ್ರಕ್ಕೆ ಒಣದಾಗಿ ಹಿಡಿದರೆ ಅಂಚು ಕಾದು ಉಕ್ಕಿನ ಹದವೇ ಕೆಡುತ್ತದೆ.

ಮೊಂಡು ಚಾಕು ಹೆಚ್ಚು ಅಪಾಯಕಾರಿ. ಅದಕ್ಕೆ ಹೆಚ್ಚು ಬಲ ಹಾಕಬೇಕಾಗುತ್ತದೆ, ಬಲ ಹಾಕಿದಾಗಲೇ ಕೈ ಜಾರುವುದು. ಕೂತು ಕೆತ್ತುವಾಗ ತೊಡೆಯ ಮೇಲೆ ಇಟ್ಟುಕೊಂಡು ಕೆತ್ತಬೇಡಿ. ತೊಡೆಯ ಒಳಭಾಗದಲ್ಲಿ ದೊಡ್ಡ ರಕ್ತನಾಳವಿದೆ. ಅಲಗು ಯಾವಾಗಲೂ ಮೈಯಿಂದ ಹೊರಕ್ಕೆ ಚಲಿಸಲಿ. ಇನ್ನೊಬ್ಬರಿಗೆ ಕೊಡುವಾಗ ಒರೆಗೆ ಹಾಕಿಯೇ ಕೊಡಿ. ಚೀಲದಲ್ಲಿ ಚಾಕು ಇದ್ದ ಮೇಲೆ ಗಾಯಕ್ಕೆ ಕಟ್ಟುವ ಬ್ಯಾಂಡೇಜ್ ಕೂಡ ಇರಲಿ.